ಟ್ಯಾಬ್‌ನಲ್ಲಿ ಚಿತ್ರ ಬಿಡಿಸಲು ಹೊರಟವರ ಗಮನಕ್ಕೆ

ನಮ್ಮ ಭಾನುವಾರದ ಚಿತ್ರ ತರಗತಿಗೆ ಹಾಳೆಯ ಬದಲು ಮೊಬೈಲು, ಟ್ಯಾಬು ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಬನ್ನಿ. ವಯಸ್ಸಾಯಿತು ಎಂದು ಯಾರೂ ಹಿಂಜರಿಯಬೇಡಿ. ಇಂಗ್ಲೆಂಡಿನ ಕಲಾವಿದ ಡೇವಿಡ್ ಹಾಕ್ನಿ 70 ದಾಟಿದ ಮೇಲೆ, 2009ರಲ್ಲಿ, ಐಫೋನಿನ ಮೇಲೆ ಬೆರಳಿನಿಂದ ಹೂವು ಬಿಡಿಸಲು ಶುರು ಮಾಡಿದವರು. ಆದರೆ ಕೆಳಗಿನ ನಿಯಮಗಳಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಮಾಡಬೇಕಾದ್ದು

ಮನೆಯಲ್ಲಿ ಇರುವುದರಿಂದಲೇ ಶುರು ಮಾಡಿ. ಆಂಡ್ರಾಯ್ಡ್ ಫೋನಿದ್ದರೆ ಐಬಿಸ್ ಪೇಂಟ್ ಅಥವಾ ಸ್ಕೆಚ್‌ಬುಕ್, ಕಂಪ್ಯೂಟರ್ ಇದ್ದರೆ ಕ್ರಿಟಾ ಸಾಕು; ಕ್ರಿಟಾ ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಪ್ರೊಕ್ರಿಯೇಟ್ ಎಂಬ ಚಿತ್ರದ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಸಿಗುವುದಿಲ್ಲ. ಅದಕ್ಕೋಸ್ಕರ ಸಾಲ ಮಾಡಿ ಐಪ್ಯಾಡ್ ಕೊಳ್ಳಕೂಡದು.

ಚಿತ್ರ ಶುರು ಮಾಡುವ ಮೊದಲೇ ಕ್ಯಾನ್ವಾಸ್ ಅಳತೆ ಗೊತ್ತುಮಾಡಿಕೊಳ್ಳಿ. ಎ4 ಹಾಳೆಯಲ್ಲಿ ಚೆನ್ನಾಗಿ ಪ್ರಿಂಟ್ ಆಗಬೇಕಾದರೆ 2480 × 3508 ಪಿಕ್ಸೆಲ್ ಬೇಕು. ಸಣ್ಣದಾಗಿ ಬಿಡಿಸಿ ಆಮೇಲೆ ಹಿಗ್ಗಿಸಿದರೆ ಗೆರೆಗಳ ಅಂಚು ಒಡೆದು ಕಾಣುತ್ತದೆ.

ಲೇಯರ್ ಎಂದರೆ ಒಂದರ ಮೇಲೊಂದು ಹಾಸಿದ ಬಟರ್ ಪೇಪರ್ ಎಂದುಕೊಳ್ಳಿ. ಕರಡು ಒಂದರಲ್ಲಿ, ಗೆರೆ ಇನ್ನೊಂದರಲ್ಲಿ, ಬಣ್ಣ ಗೆರೆಯ ಕೆಳಗಿನದರಲ್ಲಿ. ಒಂದೊಂದಕ್ಕೂ ಹೆಸರು ಕೊಡಿ.

ಪ್ರತಿ ವಾರ ಎರಡು ಪ್ರತಿ ತೆಗೆದಿಡಿ: ಲೇಯರ್ ಸಮೇತ ಮೂಲ ಫೈಲು ಒಂದು, ಪಿಎನ್‌ಜಿ ಒಂದು. ಎರಡೂ ಆ ಫೋನಿನ ಹೊರಗೆ ಇರಬೇಕು. ಜಾಗ ಸಾಲದೆಂದು ನಾನೊಮ್ಮೆ ಆ್ಯಪ್ ತೆಗೆದುಹಾಕಿದೆ. ಅದರ ಜೊತೆಗೇ ಎರಡು ತಿಂಗಳ ಚಿತ್ರಗಳೂ ಹೋದವು. ಅಮ್ಮನ ಕೈಗಳನ್ನು ನೋಡಿ ಬಿಡಿಸಿದ ಒಂದು ಚಿತ್ರ ಅದರಲ್ಲಿತ್ತು. ಅದನ್ನು ಇನ್ನೊಮ್ಮೆ ಬಿಡಿಸಲು ನನ್ನಿಂದ ಆಗಿಲ್ಲ.

ಮಾಡಬಾರದ್ದು

ಗೆರೆ ಎಳೆದ ಕೂಡಲೇ ಅನ್‌ಡೂ ಒತ್ತಬಾರದು. ಎಲ್ಲಕ್ಕಿಂತ ಮುಖ್ಯ ನಿಯಮ ಇದೇ. ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಎಳೆ ಬಿಡುವವರನ್ನು ನೋಡಿ: ಹಿಟ್ಟು ಬೆರಳಿನಿಂದ ಜಾರುವ ಮೊದಲೇ ಆ ಎಳೆ ಯಾವ ಚುಕ್ಕಿಯನ್ನು ಬಳಸಿ ಎಲ್ಲಿ ಸೇರುತ್ತದೆಂದು ಅವರ ಕಣ್ಣಿಗೆ ಗೊತ್ತಿರುತ್ತದೆ. ಇಪ್ಪತ್ತು ಸಲ ಅಳಿಸಿ ಇಪ್ಪತ್ತೊಂದನೆಯದು ಸರಿಬಂದರೆ ಕೈ ಏನನ್ನೂ ಕಲಿತಿರುವುದಿಲ್ಲ. ದಿನದ ಮೊದಲ ಹತ್ತು ನಿಮಿಷ ಅನ್‌ಡೂ ನಿಷಿದ್ಧ. ಸೊಟ್ಟ ಗೆರೆ ಹಾಗೇ ಇರಲಿ. ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯಿರಿ.

ಒಂದು ಬದಿಯ ಗೆರೆಯನ್ನು ಇನ್ನೊಂದು ಬದಿಗೂ ತಾನೇ ಎಳೆಯುವ ಸಿಮೆಟ್ರಿ ಟೂಲನ್ನು ಮೊದಲ ತಿಂಗಳು ಮುಟ್ಟಬಾರದು. ಒಂದೇ ಬ್ರಷ್. ಹೊಸ ಬ್ರಷ್‌ಗಳ ಕಟ್ಟು ಡೌನ್‌ಲೋಡ್ ಮಾಡುತ್ತ ಸಂಜೆ ಕಳೆಯಬಾರದು.

ರಬ್ಬರ್ ತುದಿಯ ಅಗ್ಗದ ಪೆನ್ನಿನಿಂದ ಒತ್ತಿ ಎಳೆದು ಗೆರೆ ದಪ್ಪವಾಗಲಿಲ್ಲವೆಂದು ಸ್ಕ್ರೀನ್ ಕೆಡಿಸಿಕೊಳ್ಳಬೇಡಿ. ಆ ಪೆನ್ನಿಗೆ ಒತ್ತಡ ತಿಳಿಯುವುದೇ ಇಲ್ಲ.

ಬೇರೆಯವರ ಚಿತ್ರದ ಮೇಲೆ ಟ್ರೇಸ್ ಮಾಡಿ ನಿಮ್ಮ ಸಹಿ ಹಾಕಬಾರದು. ಎಐ ಮಾಡಿಕೊಟ್ಟದ್ದಕ್ಕೂ ಇದೇ ಮಾತು. ಹಸೆ ಚಿತ್ತಾರವನ್ನು ಕಲಿಯಿರಿ, ಆದರೆ ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅದನ್ನು ಬರೆದುಕೊಂಡು ಬಂದ ಮಲೆನಾಡಿನ ದೀವರ ಹೆಣ್ಣುಮಕ್ಕಳ ಹೆಸರು ಹೇಳದೆ ಅದನ್ನು ನಿಮ್ಮ ಡಿಸೈನ್ ಎಂದು ಮಾರಲು ಇಲ್ಲಿ ಅವಕಾಶವಿಲ್ಲ.

ಮುಂದಿನ ಭಾನುವಾರ ಚಾರ್ಜ್ ತುಂಬಿಸಿಕೊಂಡು ಬನ್ನಿ. ಅಡುಗೆಮನೆಯ ಒಂದು ಪಾತ್ರೆಯನ್ನು ನೋಡಿ ಬಿಡಿಸಿದ ಚಿತ್ರ ಇರಬೇಕು. ಆ ಪಾತ್ರೆಯನ್ನೂ ತನ್ನಿ.