ವಸತಿ ಹಕ್ಕು: ವಿಶ್ವ ಸಮ್ಮೇಳನಗಳು ಮತ್ತು ಚಿತ್ರದುರ್ಗದ ಹಟ್ಟಿಗಳು

ವಿಶ್ವಸಂಸ್ಥೆಯ ಮಹಾಸಭೆ 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು ತನ್ನ 25ನೇ ವಿಧಿಯಲ್ಲಿ ಅನ್ನ, ಬಟ್ಟೆಗಳೊಡನೆ ವಸತಿಯನ್ನೂ ಹಕ್ಕೆಂದು ಸಾರಿತು. 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ಅದನ್ನು ಸದಸ್ಯ ರಾಷ್ಟ್ರಗಳ ಹೊಣೆಯಾಗಿಸಿತು. ಭಾರತ ಇದಕ್ಕೆ 1979ರಲ್ಲಿ ಸೇರಿತು.

ಮಾನವ ವಸತಿ ಕುರಿತ ಮೊದಲ ವಿಶ್ವ ಸಮ್ಮೇಳನ (ಹ್ಯಾಬಿಟಾಟ್) 1976ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆಯಿತು. ಅದರ ಫಲವಾಗಿ 1978ರಲ್ಲಿ ರೂಪುಗೊಂಡ ಸಂಸ್ಥೆಯ ಕೇಂದ್ರ ಕಚೇರಿ ನೈರೋಬಿಯಲ್ಲಿದೆ. 1996ರ ಇಸ್ತಾಂಬುಲ್ ಸಮ್ಮೇಳನವು ಎಲ್ಲರಿಗೂ ಸಮರ್ಪಕ ವಸತಿ ಎಂಬ ಗುರಿಯೊಡನೆ ಹಿಡುವಳಿ ಭದ್ರತೆಗೆ, ಅಂದರೆ ವಾಸದ ನೆಲದಿಂದ ಬಲವಂತವಾಗಿ ಎಬ್ಬಿಸದಂತೆ ಕಾಯುವ ಕಾನೂನಿನ ರಕ್ಷಣೆಗೆ, ಒತ್ತು ನೀಡಿತು. ಮೂರನೆಯದು 2016ರಲ್ಲಿ ಈಕ್ವೆಡಾರ್‌ನ ಕ್ವಿಟೊದಲ್ಲಿ ಜರುಗಿತು. ಪ್ರತಿ ಅಕ್ಟೋಬರ್‌ನ ಮೊದಲ ಸೋಮವಾರ ವಿಶ್ವ ಆವಾಸ ದಿನ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗೊಲ್ಲರಹಟ್ಟಿ, ಲಂಬಾಣಿ ತಾಂಡಾಗಳಲ್ಲಿ ಹಿಡುವಳಿ ಭದ್ರತೆಯ ತತ್ತ್ವದ ಅರ್ಥ ಸ್ಪಷ್ಟವಾಗುತ್ತದೆ. ತಲೆಮಾರುಗಳಿಂದ ಬಾಳಿದರೂ ಮನೆಯ ಅಡಿಯ ನೆಲಕ್ಕೆ ದಾಖಲೆಯಿಲ್ಲದ ಇಂತಹ ಜನವಸತಿಗಳಿಗಾಗಿ, ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 38-ಎ ಪ್ರಕರಣ ಸೇರಿಸಿದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂದು, ಖಾಸಗಿ ಜಮೀನಿನಲ್ಲಿರುವ ವಾಸದ ಮನೆಯ ಒಡೆತನವನ್ನು ವಾಸಿಗಳಿಗೇ ನೀಡಲು ದಾರಿ ತೆರೆಯಿತು.

ಆದರೆ ಸೂರು ಮಾತ್ರ ಸಾಲದು. ಮುಟ್ಟಾದ ಹೆಣ್ಣನ್ನು ಮನೆಯಿಂದ ಹೊರಗಿರಿಸುವ ಪದ್ಧತಿ ಕೆಲವು ಹಟ್ಟಿಗಳಲ್ಲಿ ವಸತಿ ಹಕ್ಕನ್ನೇ ಕಸಿದಿದ್ದು, ಇಂತಹ ಬಲವಂತದ ಪ್ರತ್ಯೇಕತೆಯನ್ನು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ನಿಷೇಧಿಸಿದೆ. ಘನತೆಯಿಲ್ಲದ ವಸತಿ ಅಪೂರ್ಣವೆಂಬುದೇ ಇದರ ಸಾರ.