ದಂಡವೋ, ತೆರಿಗೆಯೋ?

ಕಾಯಿಲೆ ಯಾರಿಗೆ ಯಾವಾಗ ಬರುವುದೆಂದು ಮೊದಲೇ ಹೇಳಬಲ್ಲವರಿಲ್ಲ. ಆದಕಾರಣ ಹಲವರು ಕೂಡಿ ಕಂತು ಕಟ್ಟಿ, ಕಾಯಿಲೆ ಬಿದ್ದವನ ಖರ್ಚನ್ನು ಆ ನಿಧಿಯಿಂದ ಭರಿಸುವುದೇ ಆರೋಗ್ಯ ವಿಮೆಯ ತತ್ತ್ವ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ತಿಳಿದ ಸಂಗತಿಯೇ. ಆದರೆ ವಿಮೆಯನ್ನು ಕೊಳ್ಳಲೊಲ್ಲದ ಪ್ರಜೆಯಿಂದ ಸರ್ಕಾರವು ದಂಡ ವಸೂಲು ಮಾಡಬಹುದೇ? ಈ ಪ್ರಶ್ನೆಯು ಅಮೆರಿಕದಲ್ಲಿ ಸುಮಾರು ಹತ್ತು ವರ್ಷಗಳ ಕಾಲ ಶಾಸನಸಭೆಯನ್ನೂ ನ್ಯಾಯಾಲಯಗಳನ್ನೂ ಕಲಕಿತು.

೨೦೧೦ನೆಯ ಇಸವಿ ಮಾರ್ಚ್ ೨೩ರಂದು ಅಧ್ಯಕ್ಷ ಬರಾಕ್ ಒಬಾಮಾ ಸಹಿ ಹಾಕಿದ ಆರೋಗ್ಯ ಕಾನೂನು, ಮೊದಲೇ ಕಾಯಿಲೆಯಿದ್ದವರಿಗೆ ವಿಮೆ ನಿರಾಕರಿಸಕೂಡದೆಂದೂ ಆ ಕಾರಣಕ್ಕಾಗಿ ಹೆಚ್ಚು ಕಂತು ಕೇಳಕೂಡದೆಂದೂ ಕಂಪೆನಿಗಳಿಗೆ ವಿಧಿಸಿತು. ನ್ಯಾಯವಾದ ಮಾತೇ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೂ ವಿಮೆ ಸಿಗುವುದಾದರೆ ಮೊದಲೇ ಕೊಳ್ಳುವವನಾರು? ಗಟ್ಟಿಮುಟ್ಟಾದವರು ಹೊರಗುಳಿದು ರೋಗಿಗಳಷ್ಟೇ ಒಳಬಂದರೆ ಕಂತು ಏರುತ್ತದೆ. ಕಂತು ಏರಿದಂತೆಲ್ಲ ಇನ್ನಷ್ಟು ಆರೋಗ್ಯವಂತರು ಬಿಟ್ಟುಹೋಗುತ್ತಾರೆ. ಇದಲ್ಲದೆ ತುರ್ತು ರೋಗಿಯನ್ನು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸಕೂಡದೆಂಬ ೧೯೮೬ರ ಕಾನೂನೊಂದು ಅಲ್ಲಿದೆ. ವಿಮೆಯಿಲ್ಲದವನು ತೀರಿಸಲಾರದ ಆಸ್ಪತ್ರೆಯ ಲೆಕ್ಕ ಕೊನೆಗೆ ಇತರರ ತಲೆಯ ಮೇಲೆಯೇ ಬೀಳುತ್ತದೆ. ಇದಕ್ಕೆ ಪ್ರತಿಬಂಧಕವಾಗಿ ೨೦೧೪ರಿಂದ ದಂಡ ಜಾರಿಗೆ ಬಂದಿತು. ೨೦೧೬ರ ಹೊತ್ತಿಗೆ ಅದು ವಯಸ್ಕನೊಬ್ಬನಿಗೆ ೬೯೫ ಡಾಲರು, ಇಲ್ಲವೆ ತೆರಿಗೆಯ ಮಿತಿಯನ್ನು ಮೀರಿದ ಆದಾಯದಲ್ಲಿ ಶೇಕಡಾ ೨.೫, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟಾಯಿತು. ತೀರ ಬಡವರಿಗೂ ಕೆಲವು ಧಾರ್ಮಿಕ ಪಂಗಡದವರಿಗೂ ವಿನಾಯಿತಿಯಿತ್ತು.

ಇಲ್ಲೊಂದು ವಿನೋದವುಂಟು. ಈ ಕಡ್ಡಾಯದ ಕಲ್ಪನೆಯನ್ನು ೧೯೮೯ರಲ್ಲಿ ಮುಂದಿಟ್ಟ ಹೆರಿಟೇಜ್ ಫೌಂಡೇಷನ್ ಸಂಪ್ರದಾಯವಾದಿಗಳ ಸಂಸ್ಥೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೨೦೦೬ರಲ್ಲಿ ಅದನ್ನು ಕಾನೂನು ಮಾಡಿದ ಗವರ್ನರ್ ಮಿಟ್ ರಾಮ್ನಿ ರಿಪಬ್ಲಿಕನ್ ಪಕ್ಷದವರು. ೨೦೦೮ರ ಚುನಾವಣಾ ಪ್ರಚಾರದಲ್ಲಿ ಇದನ್ನು ವಿರೋಧಿಸಿದ್ದವರು ಒಬಾಮಾ! ಎರಡೇ ವರ್ಷಗಳಲ್ಲಿ ಪಕ್ಷಗಳ ಮಾತು ಅದಲುಬದಲಾಯಿತು.

ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದಾಗ ವಿರೋಧಿಗಳ ವಾದ ಹೀಗಿತ್ತು: ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕಿರಬಹುದು, ಆದರೆ ಸುಮ್ಮನೆ ಕುಳಿತವನನ್ನು ವ್ಯಾಪಾರಕ್ಕೆ ಎಳೆದು ತರುವ ಅಧಿಕಾರವಿಲ್ಲ. ಹಾಗಾದರೆ ನಾಳೆ ಜನರು ಬ್ರೊಕೋಲಿ ಕೊಳ್ಳಬೇಕೆಂದು ಆಜ್ಞಾಪಿಸಬಹುದೇ ಎಂದು ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದ ಪ್ರಶ್ನೆ (ಬ್ರೊಕೋಲಿ ಎಂಬುದು ಹೂಕೋಸನ್ನು ಹೋಲುವ ಹಸಿರು ತರಕಾರಿ) ಬಹಳ ಪ್ರಸಿದ್ಧವಾಯಿತು. ಮೋಟಾರು ವಾಹನಕ್ಕೆ ವಿಮೆ ಕಡ್ಡಾಯವಲ್ಲವೇ ಎಂದು ಕಾನೂನಿನ ಬೆಂಬಲಿಗರು ಕೇಳುತ್ತಿದ್ದರು. ನಮ್ಮಲ್ಲಿಯೂ ಹಾಗೆಯೇ ಇದೆಯೆಂಬುದನ್ನು ವಾಚಕರು ಬಲ್ಲರು. ಆದರೆ ಬೇಡವೆಂದವನು ವಾಹನವಿಲ್ಲದೆ ಇರಬಹುದು, ದೇಹವಿಲ್ಲದೆ ಇರಲಾಗದು. ಈ ಹೋಲಿಕೆ ಅಷ್ಟು ಗಟ್ಟಿಯಲ್ಲವೆಂದೇ ನನ್ನ ಅಭಿಪ್ರಾಯ. ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತುವವನೇ ಎಂಬ ಸರ್ಕಾರದ ಉತ್ತರ ಅದಕ್ಕಿಂತ ಬಲವಾದದ್ದು.

೨೦೧೨ರ ಜೂನ್ ೨೮ರಂದು ತೀರ್ಪು ಬಂದಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ವ್ಯಾಪಾರಾಧಿಕಾರದ ವಾದವನ್ನು ತಳ್ಳಿಹಾಕಿದರು. ಆದರೂ ಕಾನೂನು ಉಳಿಯಿತು. ಹೇಗೆಂದರೆ, ಕಾನೂನಿನಲ್ಲಿ ದಂಡವೆಂದೇ ಬರೆದಿದ್ದರೂ ಈ ಹಣವನ್ನು ವಸೂಲು ಮಾಡುವುದು ಕಂದಾಯ ಇಲಾಖೆ, ಕಟ್ಟದವನಿಗೆ ಸೆರೆಮನೆಯಿಲ್ಲ, ಮೊತ್ತವೂ ಸಾಮಾನ್ಯವಾಗಿ ವಿಮೆಯ ಬೆಲೆಗಿಂತ ಕಡಿಮೆ. ಆದುದರಿಂದ ಇದನ್ನು ತೆರಿಗೆಯೆಂದು ಭಾವಿಸಬಹುದೆಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ.

ತೆರಿಗೆಯೆಂಬ ಹೆಸರು ದಂಡವನ್ನು ಉಳಿಸಿತು. ಅದರ ಅಂತ್ಯಕ್ಕೆ ದಾರಿಯನ್ನೂ ಸುಲಭಗೊಳಿಸಿತು. ತೆರಿಗೆಯಾದ ಮೇಲೆ ತೆರಿಗೆಯ ಮಸೂದೆಯಲ್ಲಿಯೇ ಅದನ್ನು ಇಳಿಸಬಹುದಷ್ಟೆ? ೨೦೧೭ರ ಡಿಸೆಂಬರಿನ ತೆರಿಗೆ ಕಾನೂನು ಅದನ್ನು ೨೦೧೯ರಿಂದ ಸೊನ್ನೆಗಿಳಿಸಿತು. ಸೊನ್ನೆಯಾದುದು ತೆರಿಗೆಯೇ ಅಲ್ಲ, ಆದಕಾರಣ ಕಾನೂನೆಲ್ಲವೂ ಅಸಿಂಧುವೆಂದು ಟೆಕ್ಸಸ್ ಮೊದಲಾದ ರಾಜ್ಯಗಳು ದಾವೆ ಹೂಡಿದವು. ಹಾನಿಯನ್ನು ತೋರಿಸಲಾರದ ಇವರಿಗೆ ದಾವೆಯ ಹಕ್ಕೇ ಇಲ್ಲವೆಂದು ೨೦೨೧ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳು ತಮ್ಮದೇ ದಂಡವನ್ನು ವಿಧಿಸಿಕೊಂಡವು.

ದಂಡ ಹೋದರೆ ವಿಮೆಯ ಮಾರುಕಟ್ಟೆ ಕುಸಿಯುವುದೆಂದು ಹಲವರು ಹೆದರಿದ್ದರು, ಹಾಗಾಗಲಿಲ್ಲ. ಆದಾಯಕ್ಕನುಗುಣವಾದ ಸರ್ಕಾರದ ಸಹಾಯಧನವೇ ಬಹುಮಟ್ಟಿಗೆ ಜನರನ್ನು ಹಿಡಿದಿಟ್ಟಿತು. ಹಾಗೆಂದು ದಂಡದಿಂದ ಏನೂ ಆಗಲಿಲ್ಲವೆನ್ನುವಂತಿಲ್ಲ. ವಿಮೆಯಿಲ್ಲದೆ ದಂಡ ತೆತ್ತಿದ್ದ ೪೫ ಲಕ್ಷ ಕುಟುಂಬಗಳಿಗೆ, ದಂಡವನ್ನು ನೆನಪಿಸಿ ವಿಮೆ ಕೊಳ್ಳುವ ದಾರಿಯನ್ನು ತಿಳಿಸುವ ಪತ್ರ ಬರೆಯಲು ೨೦೧೭ರ ಆರಂಭದ ಹೊತ್ತಿಗೆ ಕಂದಾಯ ಇಲಾಖೆ ಹೊರಟಿತು. ಅಷ್ಟು ಪತ್ರಗಳಿಗೆ ಹಣ ಸಾಲದೆ ೩೯ ಲಕ್ಷ ಕುಟುಂಬಗಳಿಗೆ ಮಾತ್ರ ಕಳುಹಿಸಿತು. ಮುಂದೆ ಗೋಲ್ಡಿನ್, ಲೂರಿ, ಮೆಕಬಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ಪತ್ರ ಪಡೆದವರಲ್ಲಿ ವಿಮೆ ಹೆಚ್ಚಿದುದೂ, ೪೫ರಿಂದ ೬೪ ವಯಸ್ಸಿನವರಲ್ಲಿ ಸುಮಾರು ೧,೬೪೮ ಮಂದಿಗೆ ಒಂದರಂತೆ ಸಾವು ಕಡಿಮೆಯಾದುದೂ ಕಂಡುಬಂದಿತು. ಪತ್ರ ತಲುಪದ ಆರು ಲಕ್ಷ ಕುಟುಂಬಗಳನ್ನು ಆರಿಸಿದ್ದು ಚೀಟಿ ಎತ್ತಿದಂತೆ, ಯಾವ ಗೊತ್ತುಗುರಿಯೂ ಇಲ್ಲದೆ.