ಬಿಟ್ಟ ಹೆಸರನ್ನು ಸೇರಿಸುವುದು, ಇದ್ದ ಹೆಸರನ್ನು ಎರಡಾಗಿಸದಿರುವುದು



ಗಿರಣಿಯ ಹಾಜರಿ ಪುಸ್ತಕ ಬರೆಯುವ ನಮಗೆ ಮೊದಲ ದಿನವೇ ಒಂದು ಪಾಠವಾಗಿರುತ್ತದೆ. ಹೆಸರು ಬಿಟ್ಟುಹೋದರೆ ಬಡವನ ಕೂಲಿ ಹೋಗುತ್ತದೆ. ಹೆಸರು ಎರಡು ಸಲ ಬಿದ್ದರೆ ಗುಮಾಸ್ತನ ಮಾನ ಹೋಗುತ್ತದೆ.

ನಮ್ಮ ವಾಚನಾಲಯದ ಸದಸ್ಯರ ಪಟ್ಟಿ ಈಗ ಗಣಕಯಂತ್ರದಲ್ಲಿದೆ. ಒಂದು ಸಾಲಿಗೆ ಒಂದು ಹೆಸರು, ಪಕ್ಕದಲ್ಲಿ ಊರು. ಈಚೆಗೆ ಬೀದರ ಕಡೆಯ ಹಿರಿಯರೊಬ್ಬರು ಬಂದು, “ಏನ್ರೀ ಗುಮಾಸ್ತ್ರೇ, ಚೀಟಿ ಕೊಟ್ಟು ತಿಂಗಳಾತು, ಹೆಸರಿಲ್ಲಂತ ನನಗ ಪುಸ್ತಕ ಕೊಡವಲ್ರು” ಎಂದರು. ನೋಡಿದರೆ ಅವರ ಹೆಸರು ನಿಜವಾಗಿಯೂ ಇರಲಿಲ್ಲ. ಇನ್ನೊಬ್ಬರ ಹೆಸರು ಮೂರು ಕಡೆ ಇತ್ತು! ತಪ್ಪು ನಮ್ಮದೇ. ಅದನ್ನು ತಿದ್ದಿಕೊಂಡ ಬಗೆಯನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಲಿನಕ್ಸ್ ಯಂತ್ರದಲ್ಲಿ ನಮ್ಮ ಆಜ್ಞೆಯನ್ನು ಕೇಳಿ ನಡೆಸುವವನು ಶೆಲ್. ಪಟ್ಟಿಯಲ್ಲಿ ಹುಡುಕಿಕೊಡುವ ಆಳು ಗ್ರೆಪ್. ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೆನ್ ಥಾಮ್ಸನ್ ರಚಿಸಿದ ಗ್ರೆಪ್ 1973ರಲ್ಲಿ ಯುನಿಕ್ಸಿನೊಡನೆ ಹೊರಬಂದಿತು, ಇಂದಿಗೂ ದುಡಿಯುತ್ತಿದೆ. ಆಜ್ಞೆ ಹೀಗಿದೆ:

ಗ್ರೆಪ್ -ಕ್ಯೂಎಕ್ಸ್‌ಎಫ್ -- 'ಲಿಂಗಪ್ಪ, ಬೀದರ' ಪಟ್ಟಿ || ಎಕೋ 'ಲಿಂಗಪ್ಪ, ಬೀದರ' >> ಪಟ್ಟಿ

ಯಂತ್ರದಲ್ಲಿ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಎಫ್ ಮಾತ್ರ ದೊಡ್ಡಕ್ಷರ. ಇದರ ಅರ್ಥ ಇಷ್ಟೆ: ಈ ಸಾಲು ಪಟ್ಟಿಯಲ್ಲಿದೆಯೇ ನೋಡು, ಇಲ್ಲವಾದರೆ ಕೊನೆಯಲ್ಲಿ ಬರೆ. ನಡುವಿನ ಎರಡು ನೆಟ್ಟ ಗೆರೆಗಳೇ ‘ಇಲ್ಲವಾದರೆ’ ಎಂಬ ಮಾತು.

ಕ್ಯೂ ಎಂದರೆ ಸದ್ದಿಲ್ಲದೆ ಹುಡುಕು. ಎಫ್ ಎಂದರೆ ಬರೆದ ಅಕ್ಷರವನ್ನು ಇದ್ದಂತೆಯೇ ಓದು. ಇದಿಲ್ಲದಿದ್ದರೆ ಇನಿಷಿಯಲಿನ ಚುಕ್ಕೆಯನ್ನು ಗ್ರೆಪ್ ‘ಯಾವ ಅಕ್ಷರವಾದರೂ ಸರಿ’ ಎಂದು ತಿಳಿಯುತ್ತದೆ. ಎಕ್ಸ್ ಎಂದರೆ ಇಡೀ ಸಾಲು ಹೊಂದಬೇಕು. ನಾವು ಬಿಟ್ಟದ್ದು ಈ ಎಕ್ಸನ್ನೇ. ಹೆಸರು ಬದಲಿಸಿ ಹೇಳುವುದಾದರೆ, ‘ಶಿವಲಿಂಗಪ್ಪ, ಬೀದರ’ ಎಂಬುದರ ಹೊಟ್ಟೆಯಲ್ಲಿ ‘ಲಿಂಗಪ್ಪ, ಬೀದರ’ ಅಡಗಿತ್ತು. ಗ್ರೆಪ್ ‘ಇದೆ’ ಎಂದಿತು. ಲಿಂಗಪ್ಪನವರು ಹೊರಗೇ ಉಳಿದರು.

ಇನ್ನು ಜೋಕೆಯ ಮಾತುಗಳು ನಾಲ್ಕು.

1. ಬಾಣದ ಗುರುತು ಎರಡು ಇರಬೇಕು. ಒಂದೇ ಹಾಕಿದರೆ ಹಳೆಯ ಪಟ್ಟಿಯೆಲ್ಲ ಅಳಿದು ಹೊಸ ಸಾಲೊಂದೇ ಉಳಿಯುತ್ತದೆ. ಆದ್ದರಿಂದ ಮೊದಲು ಪಟ್ಟಿಯ ನಕಲು ಇಟ್ಟುಕೊಳ್ಳತಕ್ಕದ್ದು.

2. ಕಡತದ ಹೆಸರು ತಪ್ಪಬಾರದು. ಕಡತ ಸಿಗಲಿಲ್ಲವೆಂದು ಗ್ರೆಪ್ ದೂರು ಹೇಳಿದರೂ ಶೆಲ್ ಅದನ್ನು ‘ಇಲ್ಲ’ವೆಂದೇ ಎಣಿಸಿ ಮುಂದುವರಿಯುತ್ತದೆ. ಎರಡನೆಯ ಕಡೆಯೂ ಅದೇ ತಪ್ಪು ಹೆಸರಿದ್ದರೆ ಹೊಸ ಕಡತವೇ ಹುಟ್ಟುತ್ತದೆ.

3. ಪಟ್ಟಿಯ ಕೊನೆಯ ಸಾಲು ಮುಗಿದ ಮೇಲೆ ಎಂಟರ್ ಒತ್ತಿರಬೇಕು. ಇಲ್ಲದಿದ್ದರೆ ಹೊಸ ಹೆಸರು ಹಳೆಯದರ ಬಾಲಕ್ಕೆ ಅಂಟಿಕೊಳ್ಳುತ್ತದೆ.

4. ಗ್ರೆಪ್ ಅಕ್ಷರ ಬಲ್ಲದು, ಮನುಷ್ಯರನ್ನು ಅರಿಯದು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಒಬ್ಬರೇ ವ್ಯಕ್ತಿಯನ್ನು ಎರಡೂ ಊರ ಹೆಸರಿನಲ್ಲಿ ಬರೆದರೆ ಅದಕ್ಕೆ ಇಬ್ಬರು. ಮೂರು ಸಲ ಬಿದ್ದ ಹೆಸರಿನ ಕತೆ ಇದೇ: ಒಂದರಲ್ಲಿ ಗುಲ್ಬರ್ಗಾ, ಒಂದರಲ್ಲಿ ಕಲಬುರಗಿ, ಇನ್ನೊಂದರ ಕೊನೆಗೆ ಕಣ್ಣಿಗೆ ಕಾಣದ ಖಾಲಿ ಜಾಗ. ಯೂನಿಕೋಡಿನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ನಮಗೆ ಒಂದೇ ರೂಪ, ಗ್ರೆಪ್‌ಗೆ ಬೇರೆ ಬೇರೆ. ಆದಕಾರಣ ಊರು, ಹೆಸರುಗಳನ್ನು ಒಂದೇ ರೀತಿ ಬರೆಯುವ ಕಟ್ಟುಪಾಡು ಮೊದಲು ಬೇಕು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಸುಲಭೋಪಾಯವಿದೆ. ಅದೇ ಆಜ್ಞೆಯನ್ನು ಎರಡನೆಯ ಸಲ ನಡೆಸಿರಿ. ಸಾಲುಗಳ ಲೆಕ್ಕ ಹೆಚ್ಚಿದರೆ ಎಲ್ಲೋ ತಪ್ಪಿದೆ. ಹೆಚ್ಚದಿದ್ದರೆ ಆ ಸಾಲು ಎರಡಾಗಿಲ್ಲವೆಂದು ತಿಳಿಯಿರಿ.

ಬೀದರದ ಹಿರಿಯರ ಹೆಸರು ಈಗ ಪಟ್ಟಿಯಲ್ಲಿದೆ, ಒಂದೇ ಸಲ. ಅವರು ಪುಸ್ತಕ ಒಯ್ದಿದ್ದಾರೆ. ನಿಮ್ಮ ಹೆಸರೂ ಬಿಟ್ಟುಹೋಗಿದ್ದರೆ ಸಂಕೋಚಪಡದೆ ಬಂದು ಕೇಳಿರಿ. ಕಲಿಯಬೇಕೆನ್ನುವವರು ಪಕ್ಕದಲ್ಲೇ ಕುಳಿತು ತಮ್ಮ ಸಾಲನ್ನು ತಾವೇ ಬರೆಯಬಹುದು.